ಕೃಷಿ ವಿಮಾನದ ಭೂಸ್ಪರ್ಶ ಅಪಘಾತ

ಬೆಳೆಗೆ ಕೀಟನಾಶಕ ಸಿಂಪಡಿಸಲು, ಗೊಬ್ಬರ ಎರಚಲು ಅಥವಾ ಬೀಜ ಬಿತ್ತಲು ಬಳಸುವ ಹಗುರ ವಿಮಾನವು ಎಂಜಿನ್, ಚಕ್ರಕಾಲು, ಬ್ರೇಕ್, ನಿಯಂತ್ರಣ ತಂತಿ ಮೊದಲಾದ ಯಾವುದಾದರೂ ಭಾಗ ಕೆಟ್ಟ ಕಾರಣದಿಂದ ನೆಲಕ್ಕಿಳಿಯುವಾಗ ಮುರಿದು ಜಖಂಗೊಳ್ಳುವುದನ್ನು ಕೃಷಿ ವಿಮಾನದ ಭೂಸ್ಪರ್ಶ ಅಪಘಾತ ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಉದ್ದೇಶಿತ ಇಳಿಪಟ್ಟಿಯಲ್ಲೇ ಇಳಿಯುವಾಗ ಚಕ್ರಕಾಲು ಅಥವಾ ಬ್ರೇಕ್ ಕೈಕೊಟ್ಟು ಆಗುವುದು ಒಂದು. ಹಾರಾಟದ ನಡುವೆ ಎಂಜಿನ್ ನಿಂತು, ಸಿಕ್ಕ ಹೊಲದಲ್ಲೋ ಕೆರೆಯಂಗಳದಲ್ಲೋ ತುರ್ತಾಗಿ ಇಳಿಯಬೇಕಾಗಿ ಬಂದಾಗ ಆಗುವುದು ಇನ್ನೊಂದು. ಮೊದಲನೆಯದರಲ್ಲಿ ಹೆಚ್ಚಾಗಿ ವಿಮಾನ ಹಾಳಾಗುತ್ತದೆ. ಎರಡನೆಯದರಲ್ಲಿ ಪೈಲಟ್‌ನ ಜೀವಕ್ಕೇ ಅಪಾಯವಿರುತ್ತದೆ.

ಈ ಲೇಖನವು ಕರ್ನಾಟಕದ ಕೃಷಿ ವಿಮಾನಯಾನದ ಹಿನ್ನೆಲೆಯಲ್ಲಿ ವಿಷಯವನ್ನು ವಿವರಿಸುತ್ತದೆ. ನೆಲದ ಸ್ವರೂಪಕ್ಕೆ ಉದಾಹರಣೆಯಾಗಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ತೆಗೆದುಕೊಳ್ಳಲಾಗಿದೆ.

ಉಗಮ

ವಿಮಾನದಿಂದ ಕೀಟನಾಶಕ ಎರಚಿದ ಮೊದಲ ಪ್ರಯೋಗ 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಬಳಿ ನಡೆಯಿತು. ಸೇನಾ ಪೈಲಟ್ ಜಾನ್ ಮೆಕ್ರೆಡಿ ಕರ್ಟಿಸ್ ಜೆನ್ನಿ ವಿಮಾನದಲ್ಲಿ ಹಾರಿ, ಕಟಾಲ್ಪ ಮರಗಳ ತೋಪನ್ನು ಮೇಯುತ್ತಿದ್ದ ಹುಳುಗಳ ಮೇಲೆ ಸೀಸದ ಆರ್ಸನೇಟ್ ಪುಡಿ ಸುರಿದರು. ಮುಂದಿನ ಮೂರು ದಶಕ ಈ ಕೆಲಸಕ್ಕೆ ಬಳಕೆಯಾದವು ಬಹುಪಾಲು ಸೇನೆಯಲ್ಲಿ ಮಿಕ್ಕಿದ ತರಬೇತಿ ವಿಮಾನಗಳು. ಔಷಧದ ಭಾರ ಹೊತ್ತು ತಗ್ಗಿನಲ್ಲಿ ಹಾರುವುದಕ್ಕಾಗಲಿ, ಗದ್ದೆಯಲ್ಲಿ ಬಿದ್ದರೆ ಒಳಗಿದ್ದವನನ್ನು ಉಳಿಸುವುದಕ್ಕಾಗಲಿ ಅವುಗಳನ್ನು ಕಟ್ಟಿರಲಿಲ್ಲ.

ಕೃಷಿಗೆಂದೇ ವಿನ್ಯಾಸಗೊಂಡ ಏಜಿ-1 ವಿಮಾನ 1950ರ ಡಿಸೆಂಬರ್ 1ರಂದು ಹಾರಿತು. ಟೆಕ್ಸಾಸ್‌ನಲ್ಲಿ ಅದನ್ನು ರೂಪಿಸಿದವರು ಫ್ರೆಡ್ ವೀಕ್. ಅಪಘಾತ ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು ವಿಮಾನ ಕಟ್ಟಬೇಕು ಎಂಬುದು ಅವರ ನಿಲುವಾಗಿತ್ತು. ಪೈಲಟ್‌ನನ್ನು ಎತ್ತರದಲ್ಲಿ, ಔಷಧದ ತೊಟ್ಟಿಯ ಹಿಂದೆ ಕೂರಿಸಿ, ಮುಂಭಾಗ ನುಜ್ಜಾದರೂ ಕೋಣೆ ಉಳಿಯುವಂತೆ ಮಾಡಿದ ಈ ವ್ಯವಸ್ಥೆ ಅವರದೇ ಮುಂದಿನ ವಿನ್ಯಾಸವಾದ ಪೈಪರ್ ಪಾನಿ ವಿಮಾನಕ್ಕೂ ಬಂತು. ಇಂದಿನ ಬಹುತೇಕ ಕೃಷಿ ವಿಮಾನಗಳು ಇದೇ ಮೂಲದವು.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ಭಾರತದ ಕೃಷಿ ವಿಮಾನದ ಚರಿತ್ರೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಕಾರ್ಖಾನೆಯೊಂದಿಗೆ ಬೆಸೆದುಕೊಂಡಿದೆ. 1959ರಲ್ಲಿ ಅಲ್ಲಿಂದ ಹಾರಿದ 'ಕೃಷಕ್' ವಿಮಾನ ರೈತನ ಹೆಸರು ಹೊತ್ತಿದ್ದರೂ ಸೇನೆಯ ವೀಕ್ಷಣಾ ಕೆಲಸಕ್ಕೆ ಹೋಯಿತು. ನಿಜವಾದ ಕೃಷಿ ವಿಮಾನ ಎಚ್‌ಎ-31 'ಬಸಂತ್'. 1968ರಲ್ಲಿ ವಿನ್ಯಾಸ ಆರಂಭವಾಗಿ, ಮರುವರ್ಷ ಸಿದ್ಧವಾದ ಮೊದಲ ಮಾದರಿಯಲ್ಲಿ 250 ಅಶ್ವಶಕ್ತಿಯ ಎಂಜಿನ್ ಇತ್ತು. ಪೈಲಟ್ ಕೋಣೆ ರೆಕ್ಕೆಯ ಮುಂದಂಚಿನ ಮೇಲೆಯೇ ಇತ್ತು. ಆ ರೂಪವನ್ನು ಕೈಬಿಟ್ಟು ಹೊಸದಾಗಿ ರಚಿಸಿದ ಎರಡನೆಯ ಮಾದರಿ 1972ರ ಮಾರ್ಚ್ 30ರಂದು ಹಾರಿತು. ಒಬ್ಬನೇ ಪೈಲಟ್, 12 ಮೀಟರ್ ರೆಕ್ಕೆ, 9 ಮೀಟರ್ ಉದ್ದ, ಎಂಟು ಸಿಲಿಂಡರ್‌ಗಳ 400 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಇದರ ಲಕ್ಷಣ. ಖಾಲಿ ತೂಕ ಸುಮಾರು 1,200 ಕಿಲೋ. ಭಾರ ತುಂಬಿದಾಗ 2,270 ಕಿಲೋ. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 39 ಬಸಂತ್‌ಗಳು ಹೊರಬಂದಿದ್ದವು.

ಕನ್ನಡ ನಾಡಿನ ಅಂಚಿನಲ್ಲಿ ವಾಯು ಸಿಂಪಡಣೆಯ ಅತಿ ಕಹಿಯಾದ ಅಧ್ಯಾಯ ಕಾಸರಗೋಡಿನದು. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್‌ನ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆ, ಸ್ವರ್ಗ ಊರುಗಳ ಸುತ್ತಲಿನ ಜನ ಅದರ ಪರಿಣಾಮವನ್ನು ಇಂದಿಗೂ ಅನುಭವಿಸುತ್ತಿದ್ದಾರೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಈ ರಾಸಾಯನಿಕದ ಮೇಲೆ ನಿಷೇಧ ಹೇರಿತು. ವಿಮಾನ ಸುರಕ್ಷಿತವಾಗಿ ಹಾರಿ ಇಳಿದರೂ ವಾಯು ಸಿಂಪಡಣೆ ನೆಲದ ಮೇಲಿನವರಿಗೆ ಸುರಕ್ಷಿತ ಎಂದು ಹೇಳಲಾಗದು ಎಂಬುದನ್ನು ಈ ಪ್ರಕರಣ ಸ್ಥಾಪಿಸಿತು. ಕೃಷಿ ವಿಮಾನದ ಅಪಘಾತವನ್ನು ಅಳೆಯುವಾಗಲೂ ಈ ಅಂಶ ಮುಖ್ಯ, ಏಕೆಂದರೆ ಬಿದ್ದ ವಿಮಾನದ ತೊಟ್ಟಿಯಲ್ಲಿ ಇರುವುದು ವಿಷ.

ಮಳೆಗಾಗಿ ಮೋಡ ಬಿತ್ತನೆ ಕೃಷಿ ವಿಮಾನಯಾನದ ಮತ್ತೊಂದು ಶಾಖೆ. ಕರ್ನಾಟಕ ಸರ್ಕಾರ 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಹೆಸರಿನಲ್ಲಿ ಇದನ್ನು ಕೈಗೊಂಡಿತು. 2017ರ ಹಾರಾಟಗಳು ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ಆರಂಭವಾದವು. ಈ ವಿಮಾನಗಳು ಮೋಡದ ಎತ್ತರಕ್ಕೆ ಹೋಗಿ ಪಕ್ಕಾ ರನ್‌ವೇಗೆ ಮರಳುವುದರಿಂದ ಅವುಗಳ ಅಪಾಯದ ಸ್ವರೂಪವೇ ಬೇರೆ.

ರಚನೆ

ಕೃಷಿ ವಿಮಾನದ ಪ್ರತಿ ಭಾಗವೂ ಇಳಿಯುವಿಕೆಯ ಮೇಲೆ ಪ್ರಭಾವ ಬೀರುತ್ತದೆ. ಎಂಜಿನ್ ಮತ್ತು ಪೈಲಟ್ ನಡುವೆ ಔಷಧದ ತೊಟ್ಟಿ (ಹಾಪರ್) ಇರುತ್ತದೆ. ಭಾರ ಕರಗಿದರೂ ವಿಮಾನದ ತೂಕದ ಕೇಂದ್ರ ಅತ್ತಿತ್ತ ಸರಿಯದಿರಲಿ ಎಂಬುದು ಇದರ ಒಂದು ಕಾರಣ; ಡಿಕ್ಕಿಯಾದಾಗ ತೊಟ್ಟಿ ಹಿಂದಿನಿಂದ ನುಗ್ಗಿ ಪೈಲಟ್‌ನನ್ನು ಹಿಸುಕದಿರಲಿ ಎಂಬುದು ಇನ್ನೊಂದು. ತೊಟ್ಟಿಯ ತಳದಲ್ಲಿ ತುರ್ತು ಬಾಗಿಲಿದ್ದು, ಸನ್ನೆ ಎಳೆದರೆ ಇಡೀ ಭಾರ ಕೆಲವೇ ಸೆಕೆಂಡುಗಳಲ್ಲಿ ಸುರಿದು ಹೋಗುತ್ತದೆ. ಕೋಣೆಯ ಸುತ್ತ ಉಕ್ಕಿನ ಕೊಳವೆಗಳ ಚೌಕಟ್ಟು, ಹೆಗಲಿನಿಂದ ಬಿಗಿಯುವ ಪಟ್ಟಿ, ತಂತಿ ಕತ್ತರಿಸುವ ಅಲಗು ಸಾಮಾನ್ಯವಾಗಿ ಇರುತ್ತವೆ.

ಬಸಂತ್ ಸೇರಿದಂತೆ ಈ ವರ್ಗದ ಹೆಚ್ಚಿನ ವಿಮಾನಗಳಿಗೆ ಎರಡು ದೊಡ್ಡ ಚಕ್ರಗಳು ಮುಂದೆ, ಒಂದು ಪುಟ್ಟ ಚಕ್ರ ಬಾಲದಡಿ. ಮಡಿಚುವ ವ್ಯವಸ್ಥೆಯಿಲ್ಲದ ಈ ಕಾಲುಗಳು ಸರಳ ಮತ್ತು ಗಟ್ಟಿ. ಮೂಗು ಮೇಲೆದ್ದಿರುವುದರಿಂದ ಪ್ರೊಪೆಲ್ಲರ್ ಕಲ್ಲುಮಣ್ಣಿಗೆ ತಾಗದು. ಆದರೆ ಈ ಜೋಡಣೆಯಲ್ಲಿ ವಿಮಾನದ ತೂಕದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದಿರುತ್ತದೆ. ಹಿಮ್ಮುಖ ಹೋಗುವ ಟ್ರ್ಯಾಕ್ಟರ್‌ನ ಟ್ರೇಲರ್ ಸ್ವಲ್ಪ ಓರೆಯಾದರೂ ಪೂರ್ತಿ ತಿರುಗಿಬಿಡುವಂತೆ, ನೆಲದ ಮೇಲೆ ಓಡುತ್ತಿರುವ ವಿಮಾನ ಒಂದಿಷ್ಟು ಅಡ್ಡ ತಿರುಗಿದರೆ ಹಿಂದಿನ ತೂಕ ಅದನ್ನು ಇನ್ನಷ್ಟು ತಿರುಗಿಸುತ್ತದೆ. ಇದಕ್ಕೆ ನೆಲಸುತ್ತು ಎನ್ನಬಹುದು. ನೆಲಸುತ್ತಿನಲ್ಲಿ ಹೊರಬದಿಯ ಚಕ್ರಕಾಲಿನ ಮೇಲೆ ಅಡ್ಡ ಒತ್ತಡ ಬಿದ್ದು ಅದು ಮುರಿಯುತ್ತದೆ, ಆ ಬದಿಯ ರೆಕ್ಕೆ ನೆಲಕ್ಕೆ ಉಜ್ಜುತ್ತದೆ.

ಯಾಂತ್ರಿಕ ವೈಫಲ್ಯದ ಬಗೆಗಳು

ಕೃಷಿ ವಿಮಾನ ಸವೆಯುವ ಪರಿ ಬೇರೆ ವಿಮಾನಗಳಂತಲ್ಲ. ಹೆಕ್ಟೇರಿಗೆ 20 ಲೀಟರ್ ಸಿಂಪಡಿಸಬೇಕೆಂದಿಟ್ಟುಕೊಂಡರೆ 600 ಲೀಟರ್ ತೊಟ್ಟಿ 30 ಹೆಕ್ಟೇರಿಗೆ ಮುಗಿಯುತ್ತದೆ. ದಿನಕ್ಕೆ 300 ಹೆಕ್ಟೇರ್ ಮುಗಿಸಲು ಹತ್ತು ಸಲ ಏರಬೇಕು, ಹತ್ತು ಸಲ ಇಳಿಯಬೇಕು. ಪ್ರಯಾಣಿಕ ವಿಮಾನ ಒಂದು ಇಳಿಕೆಗೆ ಗಂಟೆಗಟ್ಟಲೆ ಹಾರಿದರೆ ಇದು ಗಂಟೆಯೊಂದಕ್ಕೆ ಹಲವು ಬಾರಿ ಮಣ್ಣಿನ ಪಟ್ಟಿಗೆ ಬಡಿಯುತ್ತದೆ. ಆದ್ದರಿಂದ ಹಾರಾಟದ ಗಂಟೆಗಳನ್ನಷ್ಟೇ ಎಣಿಸಿ ಇದರ ಆಯುಸ್ಸು ಅಳೆಯುವುದು ತಪ್ಪು ದಾರಿಗೆ ಎಳೆಯುತ್ತದೆ. ಇಳಿಕೆಗಳ ಲೆಕ್ಕವೇ ಮುಖ್ಯ.

ಚಕ್ರಕಾಲಿನ ಮುರಿತ ಇದರ ನೇರ ಫಲ. ಪ್ರತಿ ಬಡಿತದಲ್ಲೂ ಉಕ್ಕು ಕೊಂಚ ಬಾಗಿ ನೆಟ್ಟಗಾಗುತ್ತದೆ. ಬೋಲ್ಟಿನ ರಂಧ್ರ, ಬೆಸುಗೆಯ ಅಂಚು, ಎಲ್ಲೋ ಬಿದ್ದ ಗೀರಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ದಿನದಿನಕ್ಕೆ ಒಳಸರಿದು, ಕೊನೆಗೊಂದು ಸಾಧಾರಣ ಇಳಿಕೆಯಲ್ಲೇ ಕಾಲು ಕಳಚುತ್ತದೆ. ಮುರಿದ ಮುಖದಲ್ಲಿ ಬಿರುಕು ಬೆಳೆದ ಭಾಗ ನುಣುಪಾಗಿ, ಅಲೆಯಲೆಯಾದ ಗೆರೆಗಳೊಂದಿಗೆ ಕಾಣುತ್ತದೆ. ಕೊನೆಗೆ ಒಮ್ಮೆಲೇ ಹರಿದ ಭಾಗ ಒರಟಾಗಿರುತ್ತದೆ. ಈ ಎರಡರ ಪ್ರಮಾಣ ನೋಡಿ ಲೋಹ ದಣಿದು ಮುರಿಯಿತೋ, ಗಡುಸಾಗಿ ಬಡಿದದ್ದರಿಂದ ಮುರಿಯಿತೋ ಎಂದು ತನಿಖೆದಾರರು ಹೇಳಬಲ್ಲರು. ಪೈಲಟ್‌ನ ಮೇಲೆ ಅನ್ಯಾಯವಾಗಿ ತಪ್ಪು ಹೊರಿಸದಂತೆ ಕಾಯುವುದು ಈ ಪರೀಕ್ಷೆ.

ಬ್ರೇಕ್ ವೈಫಲ್ಯದಲ್ಲಿ ಎರಡೂ ಬದಿ ಹಿಡಿಯದಿದ್ದರೆ ವಿಮಾನ ಪಟ್ಟಿಯ ಕೊನೆ ದಾಟುತ್ತದೆ. ಒಂದೇ ಬದಿ ಹಿಡಿದರೆ ನೆಲಸುತ್ತು. ಬಾಲದ ಚಕ್ರದ ಬೀಗ ಸಡಿಲವಾಗುವುದು, ಟೈರ್ ಸಿಡಿಯುವುದು, ಚಕ್ರದೊಳಗೆ ಮಣ್ಣು ತುಂಬಿ ಬಿಗಿಯುವುದೂ ನೆಲಸುತ್ತಿಗೇ ದಾರಿ ಮಾಡುತ್ತವೆ.

ಎಂಜಿನ್ ನಿಲ್ಲಲು ಕಾರಣಗಳು ಹಲವು. ಡ್ರಮ್ಮಿನಿಂದ ಇಂಧನ ತುಂಬುವ ಹಳ್ಳಿಯ ಪಟ್ಟಿಯಲ್ಲಿ ನೀರು ಅಥವಾ ಧೂಳು ಸೇರುವ ಸಂಭವ ಹೆಚ್ಚು. ಗಾಳಿಸೋಸುಕದಲ್ಲಿ ಪುಡಿ ಕಟ್ಟಿದರೆ ಬಲ ಕುಂದುತ್ತದೆ. ಸೋಸುಕ ಹರಿದಿದ್ದರೆ ಮರಳು ಒಳಹೊಕ್ಕು ಸಿಲಿಂಡರ್ ಸವೆಯುತ್ತದೆ. ಪ್ರತಿ ಏರಿಕೆಯಲ್ಲೂ ಪೂರ್ಣ ಬಲ, ಪ್ರತಿ ಇಳಿಕೆಯಲ್ಲೂ ಏಕಾಏಕಿ ಕಡಿಮೆ ಬಲ ಎಂಬ ಈ ಏರಿಳಿತ ಗಾಳಿಯಿಂದ ತಣಿಯುವ ಸಿಲಿಂಡರ್ ತಲೆಗಳಲ್ಲಿ ಬಿರುಕು ತರುತ್ತದೆ.

ಕೃಷಿ ವಿಮಾನಕ್ಕೇ ವಿಶಿಷ್ಟವಾದ ಕೇಡು ರಾಸಾಯನಿಕ ತುಕ್ಕು. ತಾಮ್ರದ ಶಿಲೀಂಧ್ರನಾಶಕ, ಗಂಧಕದ ಪುಡಿ, ಯೂರಿಯಾ, ಸೂಪರ್ ಫಾಸ್ಫೇಟ್ ಇವೆಲ್ಲ ತೇವದೊಂದಿಗೆ ಸೇರಿ ಅಲ್ಯುಮಿನಿಯಂ ಮತ್ತು ಉಕ್ಕನ್ನು ತಿನ್ನುತ್ತವೆ. ಬಾಲದ ಒಳಭಾಗ, ನಿಯಂತ್ರಣ ತಂತಿ ಹಾದುಹೋಗುವ ರಾಟೆ, ಚಕ್ರಕಾಲಿನ ಬುಡ ಹೊರಗಿನಿಂದ ಕಾಣದ ಜಾಗಗಳು. ದಿನದ ಕೆಲಸ ಮುಗಿದೊಡನೆ ಇಡೀ ವಿಮಾನವನ್ನು ನೀರಿನಿಂದ ತೊಳೆಯುವುದು ಈ ವೃತ್ತಿಯ ಮೂಲ ಶಿಸ್ತು. ಬಿರುಕಿನ ಬುಡಕ್ಕೆ ತುಕ್ಕು ಇಳಿದರೆ ಲೋಹ ದಣಿಯುವ ವೇಗ ಹಲವು ಪಟ್ಟು ಹೆಚ್ಚುತ್ತದೆ.

ತುರ್ತು ಭೂಸ್ಪರ್ಶದ ಲೆಕ್ಕ

ಸಿಂಪಡಿಸುವ ವಿಮಾನ ಬೆಳೆಯ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ಹಾರುತ್ತದೆ. ಅಲ್ಲಿ ಎಂಜಿನ್ ನಿಂತರೆ ಇರುವ ವೇಗವನ್ನೇ ಎತ್ತರವಾಗಿಸಿಕೊಂಡು, ಕೆಲವು ಸೆಕೆಂಡುಗಳಲ್ಲಿ ಜಾಗ ಆರಿಸಿ ಇಳಿಯಬೇಕು. ಹಿಂದಕ್ಕೆ ತಿರುಗಲು ವೇಳೆಯಿಲ್ಲ.

ಮೊದಲ ಕೆಲಸ ಭಾರ ಸುರಿಯುವುದು. 2,270 ಕಿಲೋ ತೂಕದ ಬಸಂತ್ 600 ಕಿಲೋ ಸುರಿದರೆ 1,670 ಕಿಲೋಗೆ ಇಳಿಯುತ್ತದೆ. ವಿಮಾನ ಗಾಳಿಯಲ್ಲಿ ನಿಲ್ಲಬಲ್ಲ ಕನಿಷ್ಠ ವೇಗ ತೂಕದ ವರ್ಗಮೂಲಕ್ಕೆ ಅನುಗುಣವಾದ್ದರಿಂದ ಅದು ಶೇ 14ರಷ್ಟು ತಗ್ಗುತ್ತದೆ. ತೂಕ ಮತ್ತು ವೇಗದ ವರ್ಗ ಎರಡನ್ನೂ ಸೇರಿಸಿ ನೋಡಿದರೆ ನೆಲಕ್ಕೆ ತಾಗುವ ಕ್ಷಣದ ಚಲನಶಕ್ತಿ ಶೇ 46ರಷ್ಟು ಕಡಿಮೆ. ಒಂದು ಸನ್ನೆ ಎಳೆದು ಪಡೆಯಬಹುದಾದ ಇದಕ್ಕಿಂತ ದೊಡ್ಡ ರಕ್ಷಣೆ ವಿಮಾನದಲ್ಲಿ ಇನ್ನೊಂದಿಲ್ಲ. ಹಾಗಾಗಿ ತುರ್ತು ಬಾಗಿಲು ಜಾಮ್ ಆಗುವುದನ್ನು ಎಂಜಿನ್ ವೈಫಲ್ಯದಷ್ಟೇ ಗಂಭೀರವಾಗಿ ಕಾಣಬೇಕಾಗುತ್ತದೆ. ಸುರಿದ ಔಷಧ ಯಾರ ಹೊಲದ, ಯಾವ ಬಾವಿಯ ಮೇಲೆ ಬಿತ್ತು ಎಂಬುದನ್ನು ನಂತರ ಗುರುತಿಸಿ ಜನರಿಗೆ ತಿಳಿಸುವುದೂ ಅಷ್ಟೇ ಅಗತ್ಯ.

ಎರಡನೆಯದು ಗಾಳಿಯ ದಿಕ್ಕು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಇಳಿಯುವ ವಿಮಾನಕ್ಕೆ 20 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ವೇಗ 90, ಹಿಂಗಾಳಿಯಾದರೆ 130. ಶಕ್ತಿಯ ಲೆಕ್ಕದಲ್ಲಿ ಎರಡನೆಯದು ಮೊದಲನೆಯದರ ದುಪ್ಪಟ್ಟಿಗೂ ಮೀರುತ್ತದೆ. ಮೂರನೆಯದು ನಿಲ್ಲುವ ದೂರ. ಗಂಟೆಗೆ 100 ಕಿ.ಮೀ. ವೇಗದಿಂದ 15 ಮೀಟರ್ ಉಜ್ಜುತ್ತ ನಿಂತರೆ ದೇಹದ ಮೇಲೆ ಸರಾಸರಿ ಗುರುತ್ವದ ಸುಮಾರು 2.6 ಪಟ್ಟು ಒತ್ತಡ. ಬದುವಿಗೆ ಬಡಿದು ಒಂದೂವರೆ ಮೀಟರ್‌ನಲ್ಲಿ ನಿಂತರೆ ಇಪ್ಪತ್ತಾರು ಪಟ್ಟು. ಮೃದುವಾದ ಬೆಳೆಯಲ್ಲಿ ಚಕ್ರಕಾಲು ಕಿತ್ತು ಹೊಟ್ಟೆಯ ಮೇಲೆ ಜಾರಿ ನಿಂತ ವಿಮಾನ ನೋಡಲು ಭೀಕರವಾಗಿದ್ದರೂ ಪೈಲಟ್ ನಡೆದು ಹೊರಬರುವುದುಂಟು.

ನಾಲ್ಕು ತಾಲ್ಲೂಕುಗಳ ನೆಲ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯದ ಬಯಲುಸೀಮೆ. ಕೆಂಪು ಮರಳುಮಿಶ್ರಿತ ಮಣ್ಣು, ಕಡಿಮೆ ಮಳೆ, ಮಳೆಯಾಶ್ರಿತ ಕಡಲೆಕಾಯಿ (ಶೇಂಗಾ) ಇಲ್ಲಿನ ಗುರುತು. ಮುಂಗಾರು ಆರಂಭದಲ್ಲಿ ಕಡಲೆಕಾಯಿಗೆ ಕೆಂಪು ಕಂಬಳಿಹುಳು ಹಿಂಡುಹಿಂಡಾಗಿ ಬೀಳುತ್ತದೆ. ಆಮೇಲೆ ಸುರುಳಿಪೂಚಿ, ಟಿಕ್ಕಾ ಎಲೆಚುಕ್ಕೆ, ತುಕ್ಕು ರೋಗ. ಒಂದೇ ವಾರದಲ್ಲಿ ಊರೂರಿನ ಬೆಳೆಯನ್ನು ಬೋಳಿಸುವ ಕಂಬಳಿಹುಳುವಿನಂಥ ಕೀಟಕ್ಕೆ ಎಲ್ಲ ಹೊಲಗಳಲ್ಲೂ ಒಟ್ಟಿಗೆ ಔಷಧ ಹೊಡೆಯಬೇಕಾಗುತ್ತದೆ. ವಾಯು ಸಿಂಪಡಣೆಯ ಆಕರ್ಷಣೆ ಇರುವುದು ಈ ವೇಗದಲ್ಲಿ.

ವಿಮಾನಕ್ಕೆ ಈ ನೆಲ ಸುಲಭವಲ್ಲ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ಗಾಳಿಯ ಸಾಂದ್ರತೆ ಪ್ರಮಾಣಿತ ವಾತಾವರಣದ 1,400 ಮೀಟರ್ ಎತ್ತರದಲ್ಲಿ ಇರುವಷ್ಟೇ. ಎಂಜಿನ್ ಬಲ ಕುಗ್ಗುತ್ತದೆ, ಇಳಿಯುವಾಗಿನ ನೆಲದ ವೇಗ ಸಮುದ್ರಮಟ್ಟಕ್ಕಿಂತ ಶೇ 7ರಷ್ಟು ಹೆಚ್ಚುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಬಲವಾದ ಪಡುವಣ ಗಾಳಿ ಉತ್ತರ-ದಕ್ಷಿಣವಾಗಿ ಹಾಕಿದ ಇಳಿಪಟ್ಟಿಗೆ ಅಡ್ಡಗಾಳಿಯಾಗುತ್ತದೆ.

ಹೆಬ್ಬಂಡೆಗಳ ಬೆಟ್ಟಸಾಲು ಮಧುಗಿರಿ ಮತ್ತು ಕೊರಟಗೆರೆಯ ಲಕ್ಷಣ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಸಿದ್ದರಬೆಟ್ಟ, ಮಿಡಿಗೇಶಿ ಬಯಲಿನಿಂದ ನೇರ ಮೇಲೇಳುತ್ತವೆ. ಅವುಗಳ ಮರೆಯಲ್ಲಿ ಗಾಳಿ ಸುಳಿಗಟ್ಟುತ್ತದೆ. ಜಯಮಂಗಲಿ, ಸುವರ್ಣಮುಖಿ ಹೊಳೆಗಳ ಇಕ್ಕೆಲಗಳಲ್ಲಿ ಅಡಿಕೆ, ತೆಂಗಿನ ತೋಟಗಳು; ಅಲ್ಲಿ ಇಳಿಯುವ ಮಾತೇ ಇಲ್ಲ. ಸಿರಾ ಕಡೆ ಬಯಲು ಹೆಚ್ಚು ತೆರೆದಿದ್ದರೂ ಮಣ್ಣು ಕೊಚ್ಚದಂತೆ ಇಳಿಜಾರಿಗೆ ಅಡ್ಡಲಾಗಿ ಹಾಕಿದ ಬದುಗಳು ಹೊಲಗಳನ್ನು ತುಂಡರಿಸುತ್ತವೆ. ಆದ್ದರಿಂದ ಇಂಥ ಹೊಲದಲ್ಲಿ ಗಾಳಿ ಅವಕಾಶ ಕೊಟ್ಟರೆ ಬದುವಿಗೆ ಸಮಾನಾಂತರವಾಗಿ ಇಳಿಯುವುದು ಸರಿ.

ಕೆರೆಯಂಗಳ ಮೇಲಿನಿಂದ ಆಕರ್ಷಕವಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟ ಗೋಡುಮಣ್ಣು ಚಕ್ರವನ್ನು ಹೊರಬಲ್ಲದು. ಮೊದಲ ಮಳೆಯ ನಂತರ ಅದೇ ಮಣ್ಣು ಚಕ್ರ ಹಿಡಿದು ವಿಮಾನವನ್ನು ಮೂಗಿನ ಮೇಲೆ ಕವುಚಿ ಹಾಕುತ್ತದೆ. ಅಂಗಳದ ಅಂಚು ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತ ಮರವಿಲ್ಲದ ವಿಶಾಲ ಹುಲ್ಲುಗಾವಲಿದೆ, ಆದರೆ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ.

ಇಂದಿನ ದೊಡ್ಡ ಅಡ್ಡಿ ವಿದ್ಯುತ್ ತಂತಿ. ಕೊಳವೆಬಾವಿಗಳಿಗೆ ಹೊಲಹೊಲಕ್ಕೂ ಎಳೆದ ಲೈನು ಮೇಲಿನಿಂದ ಕಾಣುವುದಿಲ್ಲ. ಕಂಬದ ಸಾಲು ನೋಡಿ ತಂತಿಯನ್ನು ಊಹಿಸಿಕೊಳ್ಳಬೇಕು. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಹರಡಿದೆ. ಹಿಂದೆ ಕಡಲೆಕಾಯಿ ಹೊಲಗಳಿದ್ದ ಬಯಲು ಈಗ ಗಾಜಿನ ಫಲಕಗಳ, ಅತಿ ಒತ್ತಡದ ತಂತಿಗೋಪುರಗಳ ನೆಲ.

ಈ ಪ್ರದೇಶದ ನೆರೆಯಲ್ಲೇ, ಸಿರಾಕ್ಕೆ ಹೊಂದಿಕೊಂಡ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ 2023ರ ಆಗಸ್ಟ್ 20ರಂದು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ತಪಸ್ ಮಾನವರಹಿತ ವಿಮಾನ ಪರೀಕ್ಷಾ ಹಾರಾಟದಲ್ಲಿ ಹೊಲಕ್ಕೆ ಬಿತ್ತು. ಅದೇ ವರ್ಷ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳ ಬಳಿಯ ಹೊಲದಲ್ಲಿ ತುರ್ತಾಗಿ ಇಳಿದು ಜಖಂಗೊಂಡಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಇವೆರಡೂ ಕೃಷಿ ವಿಮಾನಗಳಲ್ಲ. ಆದರೂ ಹಗುರ ವಿಮಾನ ಉಳುಮೆಯ ನೆಲಕ್ಕೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿಯ ಪ್ರಕರಣ ಹತ್ತಿರದ ನಿದರ್ಶನ.

ಕಾನೂನು ಮತ್ತು ತನಿಖೆ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ, ಹಾರಾಟದ ಉದ್ದೇಶದಿಂದ ಜನ ಹತ್ತಿದಾಗಿನಿಂದ ಎಲ್ಲರೂ ಇಳಿಯುವವರೆಗಿನ ಅವಧಿಯಲ್ಲಿ ಸಾವು, ಗಂಭೀರ ಗಾಯ ಅಥವಾ ರಚನೆಗೆ ದೊಡ್ಡ ಹಾನಿಯಾದರೆ ಅದು ಅಪಘಾತ. ಟೈರ್, ಬ್ರೇಕ್, ಪ್ರೊಪೆಲ್ಲರ್, ರೆಕ್ಕೆತುದಿಗಷ್ಟೇ ಸೀಮಿತವಾದ ಹಾನಿ ಇದರಲ್ಲಿ ಬರುವುದಿಲ್ಲ. ತನಿಖೆಯ ಗುರಿ ಮುಂದಿನ ಅಪಘಾತ ತಡೆಯುವುದು, ಹೊಣೆ ಹೊರಿಸುವುದಲ್ಲ. ಭಾರತದಲ್ಲಿ ಈ ಕೆಲಸಕ್ಕಾಗಿ 2012ರಲ್ಲಿ ವಿಮಾನ ಅಪಘಾತ ತನಿಖಾ ದಳ (ಎಎಐಬಿ) ಸ್ಥಾಪನೆಯಾಯಿತು. 1934ರ ವಿಮಾನ ಕಾಯ್ದೆಯ ಬದಲಿಗೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಸಿಂಪಡಣೆಗೆ ಪ್ರತ್ಯೇಕವಾಗಿ 1971ರ ಕೀಟನಾಶಕ ನಿಯಮಗಳ 43ನೇ ನಿಯಮ ಅನ್ವಯಿಸುತ್ತದೆ. ಪ್ರದೇಶ ಗುರುತಿಸುವ ಹೊಣೆ ಸಿಂಪಡಿಸುವವರದು. ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ದನಕರು ಮತ್ತು ಸಂಬಂಧಪಡದವರು ಒಳಹೋಗದಂತೆ ತಡೆಯಬೇಕು, ತೊಳೆದುಕೊಳ್ಳುವ ಮತ್ತು ಪ್ರಥಮ ಚಿಕಿತ್ಸೆಯ ಸೌಲಭ್ಯ ಇರಬೇಕು, ಪೈಲಟ್‌ಗೆ ವಿಷದ ಪರಿಣಾಮಗಳ ಬಗ್ಗೆಯೂ ತರಬೇತಿ ಸಿಕ್ಕಿರಬೇಕು. ಅಪಘಾತದ ಸ್ಥಳಕ್ಕೆ ಓಡಿ ಬರುವವರು ಅಕ್ಕಪಕ್ಕದ ಹೊಲದ ರೈತರೇ ಆದ್ದರಿಂದ ಮುಂಚಿತ ಸೂಚನೆಯ ನಿಯಮ ಅವರ ರಕ್ಷಣೆಗೂ ಹೌದು. ಒಡೆದ ತೊಟ್ಟಿಯಿಂದ ಸೋರಿದ ದ್ರಾವಣವನ್ನು ಬರಿಗೈಯಲ್ಲಿ ಮುಟ್ಟಬಾರದು, ಗಾಳಿಗೆ ಬೆನ್ನು ಕೊಟ್ಟು ಹತ್ತಿರ ಹೋಗಬೇಕು, ಪೈಲಟ್‌ನ ಬಟ್ಟೆ ಕಳಚಿ ಮೈ ತೊಳೆಸಬೇಕು, ಯಾವ ಔಷಧ ಎಂದು ವೈದ್ಯರಿಗೆ ಹೇಳಬೇಕು.

ಇಂದಿನ ಸ್ಥಿತಿ

ಪೈಲಟ್ ಕೂತು ಹಾರಿಸುವ ರೆಕ್ಕೆಯ ಕೃಷಿ ವಿಮಾನ ಭಾರತದಲ್ಲಿ ಬಹುತೇಕ ಮರೆಯಾಗಿದೆ. ಹೊಲಗಳು ಸಣ್ಣವು, ಒಂದರ ಪಕ್ಕ ಒಂದು ಬೇರೆ ಬೆಳೆ. ಗಾಳಿಯಲ್ಲಿ ತೇಲಿ ಹೋಗುವ ಔಷಧದ ಬಗ್ಗೆ ಕಾಸರಗೋಡು ಕೊಟ್ಟ ಎಚ್ಚರವೂ ಇದೆ. 2020ರ ಮಿಡತೆ ಹಾವಳಿಯಲ್ಲಿ ರಾಜಸ್ಥಾನಕ್ಕೆ ಬೆಲ್ 206 ಹೆಲಿಕಾಪ್ಟರ್ ಮತ್ತು ವಾಯುಪಡೆಯ ಎಂಐ-17 ಸಜ್ಜುಗೊಂಡಿದ್ದು ವಾಯು ಸಿಂಪಡಣೆಯ ಈಚಿನ ದೊಡ್ಡ ಬಳಕೆ.

ಕೃಷಿ ವಿಮಾನದ ಸ್ಥಾನಕ್ಕೆ ಬಂದಿರುವುದು ಡ್ರೋನ್. ಸುಮಾರು 10 ಲೀಟರ್ ತೊಟ್ಟಿಯ, ನಾಲ್ಕು ಅಥವಾ ಆರು ಪ್ರೊಪೆಲ್ಲರ್‌ಗಳ ಸಿಂಪಡಣಾ ಡ್ರೋನ್‌ಗಳು 2021ರ ಡ್ರೋನ್ ನಿಯಮಗಳಲ್ಲಿ 2ರಿಂದ 25 ಕಿಲೋ ತೂಕದ 'ಸಣ್ಣ' ವರ್ಗಕ್ಕೆ ಸೇರುತ್ತವೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಯ ಕಾರ್ಯವಿಧಾನ ಪ್ರಕಟಿಸಿತು. ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಹೊಂದಿದ್ದು, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು ನೀಡುತ್ತದೆ.

ಪೈಲಟ್ ನೆಲದ ಮೇಲೆ ಉಳಿದಿರುವುದರಿಂದ ಹಾರುವವನ ಜೀವಹಾನಿ ತಪ್ಪಿದೆ. ಯಾಂತ್ರಿಕ ವೈಫಲ್ಯ ತಪ್ಪಿಲ್ಲ. ಬಿಸಿಲಿಗೆ ಉಬ್ಬಿದ ಬ್ಯಾಟರಿ, ಸೀಳಿದ ಪ್ರೊಪೆಲ್ಲರ್ ಅಲಗು, ಔಷಧ ಹೊಕ್ಕು ತುಕ್ಕು ಹಿಡಿದ ಮೋಟಾರು, ತಂತಿ ಜೋಡಣೆಯ ಸಡಿಲ, ಉಪಗ್ರಹ ಸಂಕೇತದ ಕಡಿತ ಇವು ಸಾಮಾನ್ಯ ಕಾರಣಗಳು. ನಾಲ್ಕು ಮೋಟಾರಿನ ಡ್ರೋನ್‌ನಲ್ಲಿ ಒಂದು ನಿಂತರೆ ಅದು ಗಿರ್ರನೆ ತಿರುಗಿ ಬೀಳುತ್ತದೆ. ಆರು ಮೋಟಾರಿನದು ಓಲಾಡುತ್ತಲಾದರೂ ಇಳಿಯುವ ಅವಕಾಶವಿದೆ. ಬ್ಯಾಟರಿ ತಗ್ಗಿದಾಗ ಹೊರಟ ಜಾಗಕ್ಕೆ ತಾನೇ ಮರಳುವ ವ್ಯವಸ್ಥೆ ದಾರಿಯಲ್ಲಿರುವ ತೆಂಗಿನ ಮರವನ್ನಾಗಲಿ ಪಂಪ್‌ಸೆಟ್ ತಂತಿಯನ್ನಾಗಲಿ ಅರಿಯದೆ ಹೋಗಬಹುದು, ಹಾಗಾಗಿ ಮರಳುವ ಎತ್ತರವನ್ನು ಹಾರಾಟಕ್ಕೆ ಮೊದಲೇ ನಿಗದಿಪಡಿಸಬೇಕು. ಡ್ರೋನ್ ಅಪಘಾತವಾದರೆ 48 ಗಂಟೆಗಳೊಳಗೆ ಡಿಜಿಟಲ್ ಸ್ಕೈ ವೇದಿಕೆಯ ಮೂಲಕ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವರದಿ ಮಾಡುವುದು ಕಡ್ಡಾಯ.